ನಾಟಿ ಕೋಳಿಯ ಗೊರಗೊರ: ಸದ್ದು ನಿಂತರೂ ಕಾಯಿಲೆ ಹೋಗಿರುವುದಿಲ್ಲ

ನಮ್ಮದು ಸಕಲೇಶಪುರದ ಕಡೆ. ಮನೆ ಹಿಂದೆ 11 ನಾಟಿ ಕೋಳಿ. ಜುಲೈ ಮಳೆಯಲ್ಲಿ ಮೊದಲು ಸೀನಿದ್ದು ಸಂತೆಯಿಂದ ತಂದಿದ್ದ ಕೆಂಪು ಹೇಂಟೆ. ತಂದು ಮೂರು ವಾರ ಆಗಿತ್ತಷ್ಟೆ. ಆಮೇಲೆ ಇನ್ನೆರಡು. ಡಾಕ್ಟರು ನೋಡಿ ಸಿ.ಆರ್.ಡಿ. ಅಂದರು. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದಿಂದ ಬರುವ, ಬಹಳ ದಿನ ಎಳೆಯುವ ಉಸಿರಾಟದ ಕಾಯಿಲೆ. ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ಯಾವ ಕಾಯಿಲೆ?

ನಾನು ನೋಡುವುದು ವೇಗವನ್ನು. ಒಂದೆರಡು ದಿನದಲ್ಲೇ ಸುಮಾರು ಕೋಳಿಗಳ ಮುಖ ಊದಿ, ಮೂಗಿನಿಂದ ಕೆಟ್ಟ ವಾಸನೆಯ ಸಿಂಬಳ ಬಂದರೆ ಕೊರೈಜಾ ಎಂಬ ನೆಗಡಿಯಂಥ ಕಾಯಿಲೆ ಇರಬಹುದು. ಹಸಿರು ಹಿಕ್ಕೆ, ತಿರುಚಿದ ಕತ್ತು, ಸಾಲಾಗಿ ಸಾವು ಕಂಡರೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಅದು ವೈರಸ್. ಬಂದ ಮೇಲೆ ಔಷಧಿ ಇಲ್ಲ, ಮೊದಲೇ ಲಸಿಕೆ ಹಾಕಿಸಬೇಕು. ಒಟ್ಟಿಗೆ ಸಾಯುತ್ತಿದ್ದರೆ ಕೊಯ್ಯಬೇಡಿ, ಮಾರಬೇಡಿ, ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ. ಹಕ್ಕಿಜ್ವರವೂ ಹೀಗೇ ಕಾಣಬಹುದು. ಸಿ.ಆರ್.ಡಿ. ನಿಧಾನ. ವಾರಗಟ್ಟಲೆ ಒಂದಾದ ಮೇಲೊಂದಕ್ಕೆ ಹಿಡಿಯುತ್ತದೆ.

ಹಗಲಲ್ಲಿ ಉಸಿರಿನ ಸದ್ದು ಕೇಳಿಸುವುದಿಲ್ಲ. ರಾತ್ರಿ ಕೋಳಿಗಳು ಒರಗಿದ ಮೇಲೆ ಟಾರ್ಚ್ ಆರಿಸಿ ಗೂಡಿನ ಪಕ್ಕ ಐದು ನಿಮಿಷ ಸುಮ್ನೆ ನಿಲ್ಲಿ. ಗೊರಗೊರ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುತ್ತದೆ.

ನನಗೆ ತಲೆಗೆ ಹತ್ತದಿದ್ದ ವಿಷಯ

ಮನೆಯಲ್ಲಿ ಅಮಾಕ್ಸಿಸಿಲಿನ್ ಇತ್ತು. ಬ್ಯಾಕ್ಟೀರಿಯಾ ತಾನೇ, ಅದನ್ನೇ ಕೊಟ್ಟರೆ ಆಗಲ್ವಾ ಅಂತ ಕೇಳಿದೆ. ಆಗಲ್ಲ ಅಂದರು. ಯಾಕೆ ಅನ್ನುವುದು ಅರ್ಥವಾಗಲು ಎರಡು ದಿನ ಹಿಡಿಯಿತು.

ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಮೈಸುತ್ತ ಗಟ್ಟಿ ಗೋಡೆ ಇರುತ್ತದೆ. ಬೆಳೆಯುವಾಗ, ಎರಡಾಗುವಾಗ ಆ ಗೋಡೆಯನ್ನು ಕಟ್ಟುತ್ತಲೇ ಇರಬೇಕು. ಪೆನಿಸಿಲಿನ್, ಅಮಾಕ್ಸಿಸಿಲಿನ್ ಈ ಕಟ್ಟುವ ಕೆಲಸವನ್ನೇ ಕೆಡಿಸುತ್ತವೆ. ಗೋಡೆ ಸಡಿಲವಾಗಿ, ಒಳಗೆ ನೀರು ನುಗ್ಗಿ, ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಮೈಕೋಪ್ಲಾಸ್ಮಾಕ್ಕೆ ಗೋಡೆಯೇ ಇಲ್ಲ! ತೆಳು ಪೊರೆ ಮಾತ್ರ. ಕಟ್ಟುವ ಕೆಲಸವೇ ಇಲ್ಲದ ಕಡೆ ಕೆಡಿಸುವುದೇನನ್ನು? ಡೋಸ್ ಎಷ್ಟೇ ಜಾಸ್ತಿ ಮಾಡಿದರೂ ಅಷ್ಟೇ. ಟೈಲೋಸಿನ್, ಡಾಕ್ಸಿಸೈಕ್ಲಿನ್ ಬೇರೆ ದಾರಿ ಹಿಡಿಯುತ್ತವೆ. ಬ್ಯಾಕ್ಟೀರಿಯಾ ಒಳಗೆ ಪ್ರೋಟೀನ್ ತಯಾರಾಗದಂತೆ ತಡೆಯುತ್ತವೆ. ಅದಕ್ಕೇ ಅವು ಇಲ್ಲಿ ಕೆಲಸ ಮಾಡುತ್ತವೆ. ಯಾವುದು, ಎಷ್ಟು, ಎಷ್ಟು ದಿನ ಮೊಟ್ಟೆ ತಿನ್ನಬಾರದು ಅನ್ನುವುದನ್ನು ಡಾಕ್ಟರ ಬಾಯಿಂದಲೇ ಕೇಳಿ ಬರೆದುಕೊಳ್ಳಿ.

ಮಲೆನಾಡಿನವರಿಗೆ ಇನ್ನೊಂದು ಮಾತು. ಔಷಧಿಯನ್ನು ಕುಡಿಯುವ ನೀರಲ್ಲಿ ಕೊಡುತ್ತೇವೆ, ಆದರೆ ಹೊರಗೆ ಬಿಟ್ಟ ಕೋಳಿ ಸೂರಿನ ನೀರನ್ನೋ ಗುಂಡಿಯ ನೀರನ್ನೋ ಕುಡಿದು ಬರುತ್ತದೆ. ನಮ್ಮಲ್ಲಿ ಮೊದಲ ದಿನದ ಔಷಧಿ ನೀರು ಹಾಗೇ ಉಳಿದಿತ್ತು. ಔಷಧಿ ಮುಗಿಯುವವರೆಗೆ ಕೂಡಿ ಹಾಕಲೇಬೇಕು. ದೊಡ್ಡ ಕೋಳಿಗೆ ದಿನಕ್ಕೆ 200ರಿಂದ 250 ಮಿ.ಲೀ. ನೀರು ಅಂತ ಲೆಕ್ಕ ಹಿಡಿದು, ದಿನಾ ಹೊಸದಾಗಿ ಕಲಸಿ.

ಗೂಡು

ಚಳಿ ಅಂತ ನಾಲ್ಕೂ ಕಡೆ ಟಾರ್ಪಾಲ್ ಬಿಗಿದಿದ್ದೆ. ಅದು ತಪ್ಪು. ನೆಲಕ್ಕೆ ಹಾಸಿದ ಒದ್ದೆ ಹೊಟ್ಟಿನಿಂದ ಏಳುವ ಅಮೋನಿಯಾ ಎಂಬ ಘಾಟು ಅನಿಲ ಶ್ವಾಸನಾಳದ ಒಳಗಿನ ಸಣ್ಣ ರೋಮಗಳನ್ನು ಹಾಳು ಮಾಡುತ್ತದೆ. ಕುಕ್ಕರಗಾಲಲ್ಲಿ ಕೂತು ಕೋಳಿಯ ಎತ್ತರದಲ್ಲಿ ಮೂಸಿ ನೋಡಿ. ಕಣ್ಣು ಉರಿದರೆ ಹೊಟ್ಟು ಬದಲಿಸಿ, ಮೇಲ್ಭಾಗದಲ್ಲಿ ಗಾಳಿಗೆ ದಾರಿ ಬಿಡಿ.

ಗುಣವಾದ ಮೇಲೆ

ಐದನೇ ದಿನಕ್ಕೆ ಸದ್ದು ನಿಂತಿತು. ಕೆಂಪು ಹೇಂಟೆ ಮತ್ತೆ ಮೊಟ್ಟೆಗೆ ಬಂದಾಗ ಅತ್ತೆ, "ಕಾವಿಗೆ ಇಡೋಣ" ಅಂದರು. "ಬೇಡ ಅತ್ತೆ" ಅಂದೆ. ಔಷಧಿ ಕಾಯಿಲೆಯನ್ನು ಅಡಗಿಸುತ್ತದೆ, ಪೂರ್ತಿ ತೆಗೆಯುವುದಿಲ್ಲ. ಚೆನ್ನಾಗಿ ಕಾಣುವ ಕೋಳಿಯ ಮೈಯಲ್ಲೂ ಮೈಕೋಪ್ಲಾಸ್ಮಾ ಉಳಿದು, ಮೊಟ್ಟೆಯ ಮೂಲಕ ಮರಿಗೆ ಹೋಗಬಹುದು. ಈ 11 ಕೋಳಿ ಇರುವಷ್ಟು ದಿನ ಹೊಸದನ್ನು ತರುವುದಿಲ್ಲ, ಇವನ್ನು ಯಾರಿಗೂ ಸಾಕಲು ಕೊಡುವುದೂ ಇಲ್ಲ. ಆಮೇಲೆ ಗೂಡು ತೊಳೆದು, ಸುಣ್ಣ ಬಳಿದು, ಕೆಲವು ವಾರ ಖಾಲಿ ಬಿಟ್ಟು ಮರಿ ತರುತ್ತೇವೆ. ಅವನ್ನೂ ಮೊದಲ 30 ದಿನ ಬೇರೆ ಕಡೆ ಇಟ್ಟು, ದಿನಾ ರಾತ್ರಿ ಹೋಗಿ ಕೇಳಿಸಿಕೊಳ್ಳುತ್ತೇನೆ.