ಉಪ್ಪು ಒಳಗೆ ಹೋಗುತ್ತೆ, ಮಸಾಲೆ ಮೇಲೇ ಉಳಿಯುತ್ತೆ

ಹೋದ ಕ್ರಿಸ್‌ಮಸ್‌ಗೆ ಮೈಸೂರಿನ ಫಿಲೋಮಿನಾ ಚರ್ಚ್ ಹತ್ರ ಇರೋ ನಮ್ಮ ಪಕ್ಕದ ಮನೆ ಆಂಟಿ ನಾಲ್ಕು ಕೆಜಿ ಟರ್ಕಿ ಕೋಳಿ ತರಿಸಿದ್ರು. "ಮಸಾಲೆ ನೀನೇ ಮಾಡಮ್ಮ, ಚೆನ್ನಾಗಿ ಒಳಗೆ ಇಳೀಬೇಕು, ಎರಡು ದಿನ ಆದ್ರೂ ಪರವಾಗಿಲ್ಲ" ಅಂದ್ರು. ಈ ಮಸಾಲೆ ಇಳಿಯೋ ಮಾತನ್ನ ಮಂಡ್ಯ ಕಡೆ ನಾಟಿ ಕೋಳಿ ಮಾಡೋರೂ ಹೇಳ್ತಾರೆ, ಆದ್ರೆ ಕೊಯ್ದು ನೋಡಿದ್ರೆ ಬೇರೇನೇ ಕಾಣುತ್ತೆ. ಇಡೀ ರಾತ್ರಿ ಅರಿಶಿನ ಹಚ್ಚಿಟ್ಟ ಎದೆ ಭಾಗದ ದಪ್ಪ ತುಂಡನ್ನ ಅಡ್ಡಕ್ಕೆ ಕೊಯ್ದು ನೋಡಿ, ಹಳದಿ ಅಂಚಲ್ಲೇ ಸಣ್ಣ ಗೆರೆ ಥರ ನಿಂತುಬಿಟ್ಟಿರುತ್ತೆ, ಅದರಾಚೆ ಬರೀ ಬಿಳಿ ಮಾಂಸ. ಬೇಯಿಸಿ ಅದೇ ಬಿಳಿ ಭಾಗ ಬಾಯಿಗೆ ಹಾಕ್ಕೊಂಡ್ರೆ ಉಪ್ಪು ಮಾತ್ರ ಇರುತ್ತೆ.

ಉಪ್ಪು ನೀರಲ್ಲಿ ಕರಗಿದ್ರೆ ಸೋಡಿಯಂ, ಕ್ಲೋರೈಡ್ ಅನ್ನೋ ಪುಟಾಣಿ ಅಯಾನುಗಳಾಗಿ ಬಿಡಿಬಿಡಿ ಆಗುತ್ತೆ, ಮಾಂಸದಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ನೀರೇ ಇರೋದ್ರಿಂದ ಅವು ನಿಧಾನಕ್ಕೆ ಒಳಗೊಳಗೇ ಹರಡ್ಕೊಂಡು ಹೋಗ್ತವೆ. ಅರಿಶಿನದ ಕರ್ಕ್ಯುಮಿನ್, ಕಾಳುಮೆಣಸಿನ ಪೈಪರಿನ್, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಲ್ಲ ಅದಕ್ಕಿಂತ ತುಂಬಾ ದೊಡ್ಡ ಅಣುಗಳು, ನೀರಲ್ಲಿ ಸರಿಯಾಗಿ ಕರಗೋದೂ ಇಲ್ಲ, ಎಣ್ಣೆ ಕೊಬ್ಬಿದ್ರೆ ಕರಗ್ತವೆ. ಹಾಗಾಗಿ ಉಪ್ಪಿಗೂ ಮಸಾಲೆಗೂ ಒಂದೇ ಹೊತ್ತಲ್ಲಿ ಕೆಲಸ ಕೊಡಬೇಡಿ ಅಂತ ನಾನು ಎಲ್ಲರಿಗೂ ಹೇಳ್ತೀನಿ, ಉಪ್ಪು ಹಿಂದಿನ ದಿನ, ಮಸಾಲೆ ಒಲೆಗಿಡೋ ದಿನ.

ಕೆಜಿಗೆ 12 ಗ್ರಾಂ ಲೆಕ್ಕದಲ್ಲಿ ನಾಲ್ಕು ಕೆಜಿಗೆ 50 ಗ್ರಾಂ ಹತ್ರ ಉಪ್ಪು ಬೇಕು. ತೂಕ ಮಾಡಿಯೇ ಹಾಕಿ, ಕಲ್ಲುಪ್ಪಿನ ಒಂದು ಚಮಚಕ್ಕೂ ಪುಡಿ ಉಪ್ಪಿನ ಒಂದು ಚಮಚಕ್ಕೂ ತೂಕ ಬೇರೆ (ಫ್ರೋಜನ್ ಕೋಳಿ ಆದ್ರೆ ಮೊದಲೇ ಉಪ್ಪುನೀರು ಸೇರಿಸಿದ್ದಾರಾ ಅಂತ ಪ್ಯಾಕೆಟ್ ನೋಡಿ, ಸೇರಿಸಿದ್ರೆ ಉಪ್ಪು ಬೇಡ). ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು ನೋಡಿದ್ರೆ ಚರ್ಮದ ಮೇಲೆ ಬೆವರಿನ ಥರ ಹನಿ ಕೂತಿರುತ್ತೆ, ಅಯ್ಯೋ ರಸ ಎಲ್ಲ ಹೋಯ್ತು ಅಂತ ಒರೆಸಬೇಡಿ. ಆ ನೀರಲ್ಲೇ ಉಪ್ಪು ಕರಗಿ ಕೆಲವು ಗಂಟೆಯಲ್ಲಿ ವಾಪಸ್ ಒಳಗೆ ಹೋಗುತ್ತೆ, ಹೋಗಿ ಮಯೋಸಿನ್ ಅನ್ನೋ ಪ್ರೋಟೀನಿನ ಬಿಗಿ ಸಡಿಲ ಮಾಡುತ್ತೆ, ಆಮೇಲೆ ಬೇಯೋವಾಗ ಮಾಂಸ ಅಷ್ಟಾಗಿ ನೀರು ಹಿಂಡಿ ಹೊರಗೆ ಹಾಕಲ್ಲ. ಟರ್ಕಿ ಎದೆ ಒಣಕಲು ಅಂತ ದೂರೋರು ಇದೊಂದನ್ನ ಮಾಡಿ ನೋಡಬೇಕು.

ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ ಮುಚ್ಚದೇ ಇಡಿ, ಚರ್ಮ ಒಣಗಲಿ. ಮೇಲೆ ನೀರಿರೋ ತನಕ ಓವನ್ನಿನ ಶಾಖ ಎಲ್ಲ ಅದನ್ನ ಆವಿ ಮಾಡೋದಕ್ಕೇ ಖರ್ಚಾಗಿ ಚರ್ಮ 100 ಡಿಗ್ರಿ ದಾಟಲ್ಲ, ಕಂದು ಬಣ್ಣ, ಹುರಿದ ಘಮ ಕೊಡೋ ರಾಸಾಯನಿಕ ಕ್ರಿಯೆ ಜೋರಾಗೋಕೆ 140 ಡಿಗ್ರಿ ಹತ್ರ ಬೇಕು. 1912ರಲ್ಲಿ ಇದನ್ನ ಮೊದಲು ವಿವರಿಸಿದ ಫ್ರಾನ್ಸಿನ ಲೂಯಿ ಕಮೀಲ್ ಮಯ್ಯಾರ್ ಹೆಸರೇ ಅದಕ್ಕಿದೆ.

ಮಸಾಲೆಗೆ ನಾನು ಎರಡು ಚಮಚ ಧನಿಯ, ಒಂದೊಂದು ಚಮಚ ಜೀರಿಗೆ ಕಾಳುಮೆಣಸು, ನಾಲ್ಕು ಲವಂಗ, ಬೆರಳುದ್ದ ಚಕ್ಕೆ, ದೇವರಾಜ ಮಾರ್ಕೆಟ್ಟಿಂದ ತಂದ ಆರು ಬ್ಯಾಡಗಿ ತಗೊಂಡೆ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಮ್ಮಿ. ಅಂದಹಾಗೆ ಟರ್ಕಿ ಕೋಳಿ ಟರ್ಕಿ ದೇಶದ್ದಲ್ಲ, ಮೆಕ್ಸಿಕೋ ಕಡೆಯದು, ಮೆಣಸಿನಕಾಯಿ ತವರೂ ಅದೇ, ಅಂದ್ರೆ ಇಬ್ಬರೂ ಒಂದೇ ಊರಿನವರು ನಮ್ಮ ಒಲೆ ಮೇಲೆ ಮತ್ತೆ ಸಿಕ್ಕಿದ ಹಾಗೆ! ಹುರಿಯೋವಾಗ ಮನೆ ತುಂಬಾ ಬರೋ ಘಮ ಮಸಾಲೆಯಿಂದ ಹಾರಿಹೋಗ್ತಿರೋ ಎಣ್ಣೆಯದು, ಓವನ್ನಲ್ಲಿ ಇನ್ನೊಂದು ಸಲ ಬೇರೆ ಹುರಿಯುತ್ತಲ್ಲ, ಅದಕ್ಕೇ ಬಾಣಲೆಯಲ್ಲಿ ಬೆಚ್ಚಗಾದ ತಕ್ಷಣ ಇಳಿಸಿ ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿದೆ. ಬೆಲ್ಲ ಹಾಕಲಿಲ್ಲ, ಎರಡೂವರೆ ಗಂಟೆಗೂ ಮೇಲೆ ಬೇಯೋ ಹಕ್ಕಿಗೆ ಅದು ಸೀದುಹೋಗುತ್ತೆ. ಪುಡಿಯನ್ನ ಬೆಣ್ಣೆಯಲ್ಲಿ ಕಲಸಿ, ಚರ್ಮದಡಿ ಬೆರಳು ತೂರಿಸಿ ಬಿಡಿಸಿ ಅಲ್ಲೂ ಸವರಿದೆ.

ಎದೆಯ ಮಧ್ಯದಲ್ಲಿ ಥರ್ಮಾಮೀಟರ್ 74 ಡಿಗ್ರಿ ತೋರಿಸಿದ ಮೇಲೆ ಹೊರಗೆ ತೆಗೆದು ಅರ್ಧ ಗಂಟೆ ಹಾಗೇ ಬಿಟ್ವಿ. ಆಂಟಿ ಕೊಯ್ದ್ರು, ಒಳಗೆ ಬೆಳ್ಳಗಿತ್ತು, ನನ್ನ ಮುಖ ನೋಡಿದ್ರು. ಟ್ರೇ ತಳದಲ್ಲಿ ಬೆಣ್ಣೆ, ಕೋಳಿ ಕೊಬ್ಬು ಎಲ್ಲ ಸೇರಿ ಕೆಂಪಗೆ ನಿಂತಿತ್ತು, ಧನಿಯ ಲವಂಗದ ಪರಿಮಳ ಪೂರ್ತಿ ಅದರಲ್ಲೇ ಕರಗಿತ್ತು. ಸೌಟಲ್ಲಿ ತೆಗೆದು ಒಂದೊಂದು ತುಂಡಿನ ಮೇಲೂ ಹಾಕಿಕೊಟ್ಟೆ.