ಗಿಟಾರ್ ಆಂಪ್‌ಗೆ ಮರದ ಸ್ಪೀಕರ್ ಪೆಟ್ಟಿಗೆ: ಹಿಂಬದಿ ತೆರೆದಿರಬೇಕೋ, ಮುಚ್ಚಿರಬೇಕೋ?

ಪ್ರಶ್ನೆ: ನನ್ನ ಗಿಟಾರ್ ಆಂಪ್‌ಗೆ 12 ಇಂಚಿನ ಒಂದೇ ಸ್ಪೀಕರ್ ಕೂರುವಂಥ ಮರದ ಪೆಟ್ಟಿಗೆಯನ್ನು ನಾನೇ ಮಾಡಬೇಕೆಂದಿದ್ದೇನೆ. ಹಿಂಬದಿ ತೆರೆದಿರಲಿ ಅನ್ನುತ್ತಾರೆ ಕೆಲವರು, ಪೂರ್ತಿ ಮುಚ್ಚು ಅನ್ನುತ್ತಾರೆ ಇನ್ನು ಕೆಲವರು. ಯಾವುದು ಸರಿ? ಅಳತೆಗೆ ಏನಾದರೂ ಲೆಕ್ಕ ಇದೆಯೇ?

ಉತ್ತರ: ಎರಡೂ ಸರಿ. ಆದ್ದರಿಂದ ಹಿಂಬದಿಯನ್ನು ಮೂರು ಪಟ್ಟಿಗಳಾಗಿ ಕತ್ತರಿಸಿ, ಅಂಟು ಹಾಕದೆ ಬರೀ ಸ್ಕ್ರೂಗಳಿಂದ ಕೂರಿಸಿ. ನಡುವಿನ ಪಟ್ಟಿ ಬಿಚ್ಚಿದರೆ ತೆರೆದ ಪೆಟ್ಟಿಗೆ, ಹಾಕಿದರೆ ಮುಚ್ಚಿದ ಪೆಟ್ಟಿಗೆ. ಯಾವುದು ಬೇಕೆಂದು ನಿಮ್ಮ ಕೋಣೆಯಲ್ಲಿ ನುಡಿಸಿ, ಕೇಳಿ ತೀರ್ಮಾನಿಸಬಹುದು.

ಎರಡರ ನಡುವಿನ ವ್ಯತ್ಯಾಸ ಹುಟ್ಟುವುದು ಹೀಗೆ. ಸ್ಪೀಕರಿನ ಕೋನ್ ಮುಂದೆ ಗಾಳಿಯನ್ನು ಒತ್ತಿದಾಗ ಅದರ ಬೆನ್ನ ಹಿಂದೆ ಗಾಳಿ ತೆಳುವಾಗುತ್ತದೆ. 100 ಹರ್ಟ್ಜ್ ಸ್ವರದ ಅಲೆ ಸುಮಾರು 3.4 ಮೀಟರ್ ಉದ್ದ. ಅಷ್ಟು ಉದ್ದದ ಅಲೆಗೆ ಅರ್ಧ ಮೀಟರ್ ಪೆಟ್ಟಿಗೆ ಅಡ್ಡಿಯೇ ಅಲ್ಲ, ಹಿಂದಿನ ಅಲೆ ಸುತ್ತಿ ಬಂದು ಮುಂದಿನ ಅಲೆಯನ್ನು ಅಳಿಸುತ್ತದೆ. ತೆರೆದ ಪೆಟ್ಟಿಗೆಯಲ್ಲಿ ಬೇಸ್ ಕಡಿಮೆಯಾಗುವುದು ಇದರಿಂದ. ಬದಲಿಗೆ ಹಿಂದಕ್ಕೆ ಹೋದ ನಾದ ಗೋಡೆಗೆ ಬಡಿದು ಮರಳಿ, ಕೋಣೆಯನ್ನೆಲ್ಲ ತುಂಬುತ್ತದೆ. ಪೆಟ್ಟಿಗೆಯನ್ನು ಗೋಡೆಗೆ ಅಂಟಿಸಿಟ್ಟರೆ ಆ ಲಾಭ ಸಿಗದು, 30 ಸೆಂ.ಮೀ. ಆದರೂ ಜಾಗ ಬಿಡಿ.

ಮುಚ್ಚಿದ ಪೆಟ್ಟಿಗೆಯಲ್ಲಿ ಹಿಂದಿನ ಅಲೆ ಒಳಗೇ ಸಿಕ್ಕಿಬೀಳುತ್ತದೆ. ಬೇಸ್ ಗಟ್ಟಿಯಾಗುತ್ತದೆ, ಅಂಗೈಯಿಂದ ತಂತಿ ಅದುಮಿ ನುಡಿಸುವ ಭಾರೀ ರಿಫ್‌ಗಳಿಗೆ ಇದೇ ಹೊಂದುತ್ತದೆ. ಆದರೆ ಒಳಗಿನ ಗಾಳಿ ಸ್ಪ್ರಿಂಗ್‌ನಂತೆ ಕೋನ್ ಅನ್ನು ತಳ್ಳುವುದರಿಂದ ಸ್ಪೀಕರಿನ ಅನುರಣನ, ಅಂದರೆ ಕೋನ್ ತಾನಾಗಿಯೇ ಹೆಚ್ಚು ಅಲುಗಾಡುವ ಸ್ವರ, ಮೇಲೇರುತ್ತದೆ. ಉದಾಹರಣೆಗೆ, ಸೆಲೆಷನ್ ವಿಂಟೇಜ್ 30 ಎಂಬ 12 ಇಂಚಿನ ಗಿಟಾರ್ ಸ್ಪೀಕರಿನ ಅನುರಣನ 75 ಹರ್ಟ್ಜ್, ಗಿಟಾರಿನ ದಪ್ಪ ಇ ತಂತಿ ಸುಮಾರು 82 ಹರ್ಟ್ಜ್. ಪೆಟ್ಟಿಗೆ ಚಿಕ್ಕದಾದಷ್ಟೂ ಅನುರಣನ ಆ ತಂತಿಯನ್ನು ದಾಟಿ ಮೇಲೆ ಹೋಗುತ್ತದೆ. ಆಗ ಕೆಳಗಿನ ಸ್ವರಗಳು ಸೊರಗಿ, ಡಬ್ಬದೊಳಗೆ ನುಡಿಸಿದಂತೆ ಕೇಳುತ್ತದೆ. ಮುಚ್ಚುವ ಯೋಚನೆ ಇದ್ದರೆ ಒಳಗೆ 40 ಲೀಟರಿಗಿಂತ ಕಡಿಮೆ ಮಾಡಬೇಡಿ.

ಹಾಡು ಕೇಳುವ ಹೈ-ಫೈ ಪೆಟ್ಟಿಗೆಗೆ ಬೇಕಾದ ಸೂಕ್ಷ್ಮ ಲೆಕ್ಕ ಇಲ್ಲಿ ಬೇಡ. ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಜ್ ದಾಟಿದ ಮೇಲೆ ಕಡಿದಾಗಿ ಇಳಿಯುತ್ತದೆ, ಅದರ ನಾದ ಸಮತಟ್ಟಾಗಿರಲೆಂದು ಯಾರೂ ಬಯಸುವುದೂ ಇಲ್ಲ. ಪೆಟ್ಟಿಗೆಯೂ ವಾದ್ಯದ ಭಾಗವೇ.

ಹೊರ ಅಳತೆ 500 ಮಿ.ಮೀ. ಅಗಲ, 450 ಎತ್ತರ, 290 ಆಳ ಇಟ್ಟುಕೊಳ್ಳಿ. 18 ಮಿ.ಮೀ. ಬರ್ಚ್ ಪ್ಲೈವುಡ್ ಆದರೆ ಮೇಲೆ, ಕೆಳಗೆ 500×290ರ ಎರಡು ತುಂಡು, ಪಕ್ಕಗಳಿಗೆ 414×290ರ ಎರಡು. ಸ್ಪೀಕರ್ ಹಿಡಿಯುವ ಮುಂಭಾಗದ ಹಲಗೆ 458×408. ಒಳಗಿನ ಜಾಗ 464×414 ಇದ್ದರೂ ಇದನ್ನು ಚಿಕ್ಕದು ಮಾಡುವುದು ಮುಂದೆ ಕಾಣುವ ಸ್ಪೀಕರ್ ಬಟ್ಟೆ ಸುತ್ತಿದ ಮೇಲೆ ದಪ್ಪವಾಗುತ್ತದೆಂದು. ಹಿಂಬದಿಗೆ 462 ಮಿ.ಮೀ. ಉದ್ದದ ಮೂರು ಪಟ್ಟಿ, ಅಗಲ 130, 152, 130. 8×4 ಅಡಿ ಹಲಗೆಯ ಅರ್ಧ ಸಾಕು. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಬೇಡ. ಅದು ಭಾರ, ಅಂಚಿಗೆ ಹಾಕಿದ ಸ್ಕ್ರೂ ನಿಲ್ಲುವುದಿಲ್ಲ, ಮೂಲೆ ಒಮ್ಮೆ ನೆಲಕ್ಕೆ ಬಡಿದರೆ ಉದುರುತ್ತದೆ. ಗಟ್ಟಿ ಪೈನ್ ಹಲಗೆ ಹಗುರ, ನಾದವೂ ಚೆನ್ನ, ಆದರೆ ಗಂಟಿಲ್ಲದ, ಚೆನ್ನಾಗಿ ಒಣಗಿದ ಮರವೇ ಬೇಕು.

ಜೋಡಣೆಗೆ ಬಿಳಿ ಮರದ ಅಂಟು ಮತ್ತು 4×50 ಮಿ.ಮೀ. ಸ್ಕ್ರೂ ಸಾಕು. ಪಕ್ಕದ ಹಲಗೆಯ ಅಂಚಿನೊಳಗೆ ಹೋಗುವಲ್ಲಿ 2.5 ಮಿ.ಮೀ. ತೂತು ಮೊದಲೇ ಕೊರೆಯಿರಿ, ಇಲ್ಲವಾದರೆ ಪ್ಲೈ ಪದರ ಬಿಡುತ್ತದೆ. ಅಂಟು ಹಸಿಯಿರುವಾಗಲೇ ಎರಡೂ ಕರ್ಣಗಳನ್ನು ಅಳೆಯಿರಿ, ತಲಾ ಸುಮಾರು 673 ಮಿ.ಮೀ. ಬರಬೇಕು. 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಉದ್ದ ಬಂದ ಕರ್ಣದ ಮೂಲೆಗಳನ್ನು ಕ್ಲ್ಯಾಂಪಿನಲ್ಲಿ ಹಿಂಡಿ ಸರಿಮಾಡಿ. ಒಣಗಿದ ಮೇಲೆ ಏನೂ ಮಾಡಲಾಗದು. ಒಳಗೆ ಮುಂಭಾಗದಿಂದ 28 ಮಿ.ಮೀ., ಹಿಂಭಾಗದಿಂದ 18 ಮಿ.ಮೀ. ಬಿಟ್ಟು ಸುತ್ತಲೂ 20×20ರ ರೀಪರ್ ಪಟ್ಟಿ ಅಂಟಿಸಿ, ಸ್ಕ್ರೂ ಹಾಕಿ. ಮುಂಭಾಗದ ಹಲಗೆ ಮತ್ತು ಹಿಂದಿನ ಪಟ್ಟಿಗಳು ಇವುಗಳ ಮೇಲೆ ಕೂರುತ್ತವೆ.

ಸ್ಪೀಕರ್ ತೂತಿನಲ್ಲೇ ಹೆಚ್ಚು ಹಲಗೆಗಳು ಹಾಳಾಗುವುದು. 12 ಇಂಚು ಎಂದರೆ ತೂತಿನ ಅಳತೆಯಲ್ಲ. ಇಂಥ ಸ್ಪೀಕರಿನ ಹೊರ ಚೌಕಟ್ಟು ಸಾಮಾನ್ಯವಾಗಿ 309 ಮಿ.ಮೀ., ಬೋಲ್ಟ್‌ಗಳ ವೃತ್ತ 297. ಒಳಗಿನಿಂದ ಕೂರಿಸುವುದಾದರೆ ತೂತು 280 ಮಿ.ಮೀ. ಇರಲಿ, ಅಂದರೆ ತ್ರಿಜ್ಯ 140. ರೌಟರ್ ಎಂದರೆ ತಿರುಗುವ ಬಿಟ್‌ನಿಂದ ಮರ ಕೊರೆಯುವ ಯಂತ್ರ, ತೂತಿನ ನಡುವೆ ಹೊಡೆದ ಮೊಳೆಯ ಸುತ್ತ ಅದನ್ನು ತಿರುಗಿಸಬೇಕು. ಅದರಲ್ಲಿ 6 ಮಿ.ಮೀ. ಬಿಟ್ ಹಾಕಿದ್ದರೆ ಆ ಮೊಳೆಯಿಂದ ಬಿಟ್‌ನ ಕೇಂದ್ರಕ್ಕೆ 137 ಮಿ.ಮೀ., ಬಿಟ್‌ನ ಹೊರ ಅಂಚಿಗೆ 140 ಬರಬೇಕು. ಗಡಿಬಿಡಿಯಲ್ಲಿ ಒಳ ಅಂಚಿಗೆ 140 ಇಟ್ಟರೆ ತೂತು 292 ಆಗಿಬಿಡುತ್ತದೆ, ಬೋಲ್ಟ್‌ನ ಕೇಂದ್ರ ತೂತಿನ ಅಂಚಿನಿಂದ ಎರಡೂವರೆ ಮಿ.ಮೀ. ದೂರದಲ್ಲಿ ಉಳಿಯುತ್ತದೆ. ಆ ಹಲಗೆ ಮತ್ತೆ ಬರುವುದಿಲ್ಲ. ಒಂದು ಸುತ್ತಿಗೆ 4 ಮಿ.ಮೀ. ಆಳ ಇಳಿಸಿ. ಕೊನೆಯ ಸುತ್ತಿಗೆ ಮೊದಲು ನಡುವಿನ ಬಿಲ್ಲೆಯನ್ನು ಎರಡು ಬದಿ ಅಂಟುವ ಟೇಪಿನಿಂದ ಕೆಳಗಿನ ಹಲಗೆಗೆ ಹಿಡಿಸಿ, ಇಲ್ಲದಿದ್ದರೆ ಬಿಡಿಸಿಕೊಂಡ ಬಿಲ್ಲೆ ತಿರುಗಿ ಬಿಟ್ ಅಂಚನ್ನು ಕಚ್ಚುತ್ತದೆ. ರೌಟರ್ ಇಲ್ಲದವರು ಜಿಗ್‌ಸಾದಲ್ಲಿ ಕತ್ತರಿಸಿದರೂ ತೊಂದರೆಯಿಲ್ಲ, ಅಂಚು ಬಟ್ಟೆಯ ಹಿಂದೆ ಮರೆಯಾಗುತ್ತದೆ.

ಬೋಲ್ಟ್‌ಗಳ ಜಾಗವನ್ನು ಕಾಗದದ ಲೆಕ್ಕದಿಂದ ಗುರುತಿಸಬೇಡಿ, ಸ್ಪೀಕರನ್ನೇ ಹಲಗೆಯ ಮೇಲೆ ಕವುಚಿಟ್ಟು ತೂತುಗಳಲ್ಲಿ ಪೆನ್ಸಿಲ್ ಇಳಿಸಿ. ಟಿ-ನಟ್ (ಹಲಗೆಗೆ ಬಡಿದು ಕೂರಿಸುವ ಮುಳ್ಳಿನ ನಟ್) ಇಷ್ಟು ಅಂಚಿನಲ್ಲಿ ಬಡಿದರೆ ಪ್ಲೈ ಸೀಳುವ ಸಂಭವವಿದೆ. ಅದಕ್ಕಿಂತ 5×35 ಮಿ.ಮೀ. ಚಪ್ಪಟೆ ತಲೆಯ ಬೋಲ್ಟ್‌ಗಳನ್ನು ಮುಂಭಾಗದಿಂದ ಹಾಕಿ, ತಲೆ ಹಲಗೆಯೊಳಗೆ ಮುಳುಗುವಂತೆ ಕೂರಿಸಿ, ಎಪಾಕ್ಸಿ ಅಂಟಿನಲ್ಲಿ ಹಿಡಿಸಿ. ಹಿಂದೆ ಗೂಟಗಳಂತೆ ನಿಲ್ಲುವ ಅವುಗಳ ಮೇಲೆ ಸ್ಪೀಕರನ್ನು ಒಬ್ಬರೇ ನೇತುಹಾಕಿ ನಟ್ ಬಿಗಿಯಬಹುದು. ಸ್ಪೀಕರ್ ಕೂರಿಸುವ ಮೊದಲೇ ಹಲಗೆಯ ಮುಂಭಾಗಕ್ಕೆ ಕಪ್ಪು ಬಣ್ಣ ಬಳಿಯಿರಿ, ಇಲ್ಲವಾದರೆ ಬಟ್ಟೆಯ ಹಿಂದೆ ದುಂಡು ತೂತು ಎದ್ದು ಕಾಣುತ್ತದೆ. ನಟ್ ಬಿಗಿಯುವಾಗ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದನ್ನೇ ಜೋರಾಗಿ ತಿರುಗಿಸಿದರೆ ಚೌಕಟ್ಟು ಬಾಗಿ ವಾಯ್ಸ್ ಕಾಯಿಲ್ (ಕೋನ್ ಅಲುಗಿಸುವ ತಂತಿಯ ಸುರುಳಿ) ಉಜ್ಜತೊಡಗುತ್ತದೆ.

309 ಮಿ.ಮೀ. ಸ್ಪೀಕರ್ ಒಳಗೆ ಹೋಗಬೇಕಾದರೆ ಹಿಂದಿನ ಮೂರೂ ಪಟ್ಟಿ ಬಿಚ್ಚಬೇಕಾಗುತ್ತದೆ, ಎರಡು ಬಿಚ್ಚಿದರೆ ಸಿಗುವ 284 ಮಿ.ಮೀ. ಸಾಲದು. ಆಂಪಿನ ಕೇಬಲ್ ಚುಚ್ಚುವ ಜ್ಯಾಕ್ ಅನ್ನು ಕೆಳಗಿನ ಪಟ್ಟಿಯಲ್ಲಿಟ್ಟು ವೈರನ್ನು 30 ಸೆಂ.ಮೀ. ಸಡಿಲ ಬಿಡಿ, ಆದರೆ ಅದು ಕೋನ್‌ಗೆ ತಾಗದಂತೆ ಕಟ್ಟಿ. ಮೇಲಿನ ಮತ್ತು ಕೆಳಗಿನ ಪಟ್ಟಿಗಳ ಒಳಬದಿಗೆ ತೆಳು ಪಟ್ಟಿಯೊಂದನ್ನು 15 ಮಿ.ಮೀ. ಹೊರಚಾಚುವಂತೆ ಅಂಟಿಸಿದರೆ ನಡುವಿನ ಪಟ್ಟಿ ಅದರ ಮೇಲೆ ಕೂತು ಸಂದು ಮುಚ್ಚುತ್ತದೆ. ಕೂರುವಲ್ಲೆಲ್ಲ 3 ಮಿ.ಮೀ. ಫೋಮ್ ಟೇಪ್ ಹಾಕಿ. ನಡುವಿನದು ತೆಗೆದಾಗ ಸುಮಾರು 120 ಮಿ.ಮೀ. ತೆರವು ಸಿಗುತ್ತದೆ.

ವೈರ್ 1.5 ಚದರ ಮಿ.ಮೀ. ಇರಲಿ. ಆಂಪಿನಿಂದ ಪೆಟ್ಟಿಗೆಗೂ ಸ್ಪೀಕರ್ ಕೇಬಲ್ಲೇ ಬೇಕು, ಗಿಟಾರಿಗೆ ಚುಚ್ಚುವ ಕೇಬಲ್ ಅಲ್ಲ, ಅದರ ಒಳತಂತಿ ತೀರಾ ತೆಳು. ಸ್ಪೀಕರಿನ ಓಮ್ ಆಂಪಿನ ಹಿಂದೆ ಬರೆದಿರುವುದಕ್ಕೆ ಹೊಂದಲೇಬೇಕು. ವಾಲ್ವ್ ಆಂಪ್ (ಗಾಜಿನ ಟ್ಯೂಬುಗಳಿರುವ ಆಂಪ್) ಆದರೆ ಸ್ಪೀಕರ್ ಇಲ್ಲದೆ ಎಂದೂ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ದನಿ ಜೋರಾಗಿ ಏರಿಸಿ ನುಡಿಸಿದಾಗ ವಾಲ್ವ್ ಆಂಪ್ ತನ್ನ ಮೇಲೆ ಬರೆದ ವ್ಯಾಟ್ ದಾಟುವುದರಿಂದ 30 ವ್ಯಾಟ್ ಆಂಪ್‌ಗೆ 60 ವ್ಯಾಟ್ ಸ್ಪೀಕರ್ ನೆಮ್ಮದಿ.

ಆಂಪ್ ಜೋಡಿಸುವ ಮೊದಲು ಜ್ಯಾಕಿನಲ್ಲಿ ಮಲ್ಟಿಮೀಟರ್ ಹಿಡಿಯಿರಿ. 8 ಓಮ್ ಸ್ಪೀಕರ್ 6ರಿಂದ 7 ತೋರಿಸಬೇಕು. ಸೊನ್ನೆ ಬಂದರೆ ಎಲ್ಲೋ ತಂತಿ ತಂತಿಗೆ ತಾಗಿದೆ, ಏನೂ ಬರದಿದ್ದರೆ ಬೆಸುಗೆ ಬಿಟ್ಟಿದೆ. ಆಮೇಲೆ 1.5 ವೋಲ್ಟ್ ಬ್ಯಾಟರಿಯ ಪ್ಲಸ್ಸನ್ನು ಜ್ಯಾಕಿನ ತುದಿಯ ತಂತಿಗೆ, ಮೈನಸ್ಸನ್ನು ಇನ್ನೊಂದಕ್ಕೆ ಕ್ಷಣಕಾಲ ಮುಟ್ಟಿಸಿ. ಕೋನ್ ಮುಂದೆ ಬಂದರೆ ತಂತಿಗಳು ಸರಿ.

ಕೊನೆಗೆ ಫೋನಿನ ಟೋನ್ ಆ್ಯಪನ್ನು ಆಂಪಿಗೆ ಜೋಡಿಸಿ, ಸಣ್ಣ ದನಿಯಲ್ಲಿ 70ರಿಂದ 500 ಹರ್ಟ್ಜ್‌ವರೆಗೆ ನಿಧಾನ ಏರಿಸಿ. ಗರಗರ ಬಂದ ಜಾಗದಲ್ಲಿ ನಿಲ್ಲಿಸಿ, ಹಿಡಿಕೆ, ಹಿಂದಿನ ಪಟ್ಟಿ, ರೀಪರ್ ಒಂದೊಂದನ್ನೇ ಅಂಗೈಯಿಂದ ಒತ್ತಿ ನೋಡಿ. ಯಾವುದನ್ನು ಒತ್ತಿದಾಗ ಸದ್ದು ನಿಲ್ಲುತ್ತದೋ ಅಲ್ಲಿ ಇನ್ನೊಂದು ಸ್ಕ್ರೂ ಬೇಕು.