ಮೂತ್ರದಲ್ಲಿ ಕೀಟೋನ್ ಅಂದರೆ ಏನು?

‘ಮೇಡಂ, ಇವಳಿಗೆ ಶುಗರ್ ಬಂತಾ?’ ಹೊಸನಗರದ ಕಡೆಯಿಂದ ಬಂದಿದ್ದ ಹುಡುಗ ನಮ್ಮ ಲ್ಯಾಬಿನ ರಿಪೋರ್ಟಿನಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದ. ಕೀಟೋನ್, ಎದುರಿಗೆ ಮೂರು ಪ್ಲಸ್ (ಪ್ಲಸ್ ಹೆಚ್ಚಿದಷ್ಟೂ ಪ್ರಮಾಣ ಹೆಚ್ಚು). ಅವನ ಹೆಂಡತಿ ಬೆಂಚಿನ ಮೇಲೆ ಗೋಡೆಗೊರಗಿ ಕೂತಿದ್ದಳು. ಎರಡೂವರೆ ತಿಂಗಳ ಬಸುರಿ. ಮೂರು ದಿನದಿಂದ ಗಂಜಿತಿಳಿಯೂ ಹೊಟ್ಟೆಯಲ್ಲಿ ನಿಂತಿರಲಿಲ್ಲ. ಗ್ಲೂಕೋಸಿನ ಸಾಲಿನಲ್ಲಿ ‘ಇಲ್ಲ’ ಎಂದಿತ್ತು. ಆ ಮೂರು ಪ್ಲಸ್ ಹೇಳುತ್ತಿದ್ದದ್ದು ಅವಳ ಹಸಿವನ್ನು. ಡಾಕ್ಟರು ಡ್ರಿಪ್ ಹಾಕಿಸಿದರು.

ಕೀಟೋನ್ ಎಂದರೆ ಕೊಬ್ಬು ಕರಗುವಾಗ ಪಿತ್ತಜನಕಾಂಗದಲ್ಲಿ ಹುಟ್ಟುವ ವಸ್ತು. ಮೂರು ಬಗೆ: ಅಸಿಟೋಅಸಿಟೇಟ್, ಬೀಟಾ ಹೈಡ್ರಾಕ್ಸಿಬ್ಯುಟಿರೇಟ್, ಅಸಿಟೋನ್. ನೇಲ್ ಪಾಲಿಶ್ ಅಳಿಸುವ ದ್ರವದಲ್ಲಿ ಇರುತ್ತದಲ್ಲ, ಅದೇ ಅಸಿಟೋನ್. ಅನ್ನ, ರೊಟ್ಟಿಯಿಂದ ಬರುವ ಗ್ಲೂಕೋಸ್ ನಮ್ಮ ಮೈಗೆ ಮೊದಲ ಸೌದೆ. ಅದು ತೀರಿದರೆ ಮೈ ಕೊಬ್ಬಿಗೆ ಕೈ ಹಾಕುತ್ತದೆ. ಮಿದುಳಿಗೆ ಕೊಬ್ಬನ್ನು ನೇರವಾಗಿ ಉರಿಸಲು ಬರುವುದಿಲ್ಲ, ಕೀಟೋನ್ ಮಾಡಿಕೊಟ್ಟರೆ ಉರಿಸುತ್ತದೆ. ಅಂದರೆ ಇದು ಹಸಿದ ಹೊತ್ತಿನ ಬುತ್ತಿ. ಏಕಾದಶಿ ಉಪವಾಸ, ಅನ್ನ ರೊಟ್ಟಿ ತೀರಾ ಕಡಿಮೆ ಮಾಡಿ ಕೊಬ್ಬನ್ನೇ ಹೆಚ್ಚು ತಿನ್ನುವ ಕೀಟೋ ಡಯಟ್, ಜ್ವರ ಬಂದು ಏನೂ ತಿನ್ನದ ಮಗು, ಎಲ್ಲದರಲ್ಲೂ ಒಂದೆರಡು ಪ್ಲಸ್ ಕಾಣಬಹುದು. ಬಸುರಿಯರಲ್ಲಿ, ಮಕ್ಕಳಲ್ಲಿ ಬೇಗ ಕಾಣುತ್ತದೆ.

ಭಯಪಡಬೇಕಾದದ್ದು ಸಕ್ಕರೆ ಕಾಯಿಲೆಯ ಕೀಟೋನಿಗೆ. ಅಲ್ಲಿ ಕೊಟ್ಟಿಗೆ ತುಂಬ ಸೌದೆ ಇದೆ, ಬಚ್ಚಲ ಒಲೆಯ ತನಕ ತರುವ ಕೈಯಿಲ್ಲ. ಆ ಕೈ ಇನ್ಸುಲಿನ್. ಅದಿಲ್ಲದೆ ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಜೀವಕೋಶ ಉಪವಾಸ; ಕೊಬ್ಬು ತಡೆಯಿಲ್ಲದೆ ಕರಗಿ, ಕೀಟೋನ್ ಮಿತಿಮೀರಿ ರಕ್ತ ಹುಳಿಯಾಗುತ್ತದೆ. ವಿಪರೀತ ದಾಹ, ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ. ಇದು ಡಯಾಬಿಟಿಕ್ ಕೀಟೋಅಸಿಡೋಸಿಸ್. ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ನೇ ಹುಟ್ಟದ ಬಗೆಯ ಸಕ್ಕರೆ ಕಾಯಿಲೆ ಇರುವ ಮಕ್ಕಳ ಮನೆಯವರಿಗೆ ಕೈಮುಗಿದು ಹೇಳುತ್ತೇನೆ: ಮಗು ಊಟ ಮಾಡಲಿಲ್ಲವಲ್ಲ ಎಂದು ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡಿ, ಎಷ್ಟು ಕೊಡಬೇಕೆಂದು ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಆಗುಂಬೆ ಕಡೆಯ ಮಳೆಯಲ್ಲಿ ಶಿವಮೊಗ್ಗ ಮುಟ್ಟುವುದಕ್ಕೆ ಹೊತ್ತು ಹಿಡಿಯುತ್ತದೆ. ವಾಂತಿ ಶುರುವಾದ ಮೇಲೆ ಬೆಳಗಾಗಲಿ ಎಂದು ಕೂರುವಂತಿಲ್ಲ.

ಪರೀಕ್ಷೆ ಸರಳ. ಮೂತ್ರದಲ್ಲಿ ಅದ್ದಿದ ಪಟ್ಟಿಯ ಪುಟ್ಟ ಚೌಕ ನಸುಗೆಂಪಾಗಿ, ಕೀಟೋನ್ ಹೆಚ್ಚಿದ್ದರೆ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ತಿರುಗುತ್ತದೆ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ನಮ್ಮ ಆಷಾಢದ ತೇವಕ್ಕೆ ಪಟ್ಟಿ ಹಾಳಾಗಿ ತಪ್ಪು ಹೇಳುತ್ತದೆ. ಇನ್ನೊಂದು ಕೊರತೆ, ಪಟ್ಟಿ ಹಿಡಿಯುವುದು ಮುಖ್ಯವಾಗಿ ಅಸಿಟೋಅಸಿಟೇಟನ್ನು. ಕೀಟೋಅಸಿಡೋಸಿಸ್‌ನಲ್ಲಿ ಹೆಚ್ಚಾಗಿರುವ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಅದಕ್ಕೆ ಕಾಣುವುದಿಲ್ಲ. ಅನುಮಾನವಿದ್ದರೆ ರಕ್ತದಲ್ಲೇ ನೋಡಬೇಕು. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಕೀಟೋನ್ ಲೀಟರಿಗೆ 3 ಮಿಲಿಮೋಲ್ ಮುಟ್ಟಿದರೆ ತುರ್ತು ಚಿಕಿತ್ಸೆಯ ಹಂತ.

ಸಕ್ಕರೆ ಕಾಯಿಲೆಗೆ ಈಗ ಅನೇಕರು ನುಂಗುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ದಾರಿಯಲ್ಲಿ ಹೊರಹಾಕುತ್ತವೆ. ಇವುಗಳಿಂದ ಅಪರೂಪಕ್ಕೆ, ರಕ್ತದ ಸಕ್ಕರೆ ಅಷ್ಟೇನೂ ಏರದೆಯೇ ಕೀಟೋಅಸಿಡೋಸಿಸ್ ಬರುತ್ತದೆ. ಹಾಗಾಗಿ ಈ ಮಾತ್ರೆ ತೆಗೆದುಕೊಳ್ಳುವವರು ವಾಂತಿ, ಸುಸ್ತು, ಹೊಟ್ಟೆನೋವು ಬಂದಾಗ ಗ್ಲೂಕೋಮೀಟರಿನ ಅಂಕಿ ನೋಡಿ ಸುಮ್ಮನಾಗದೆ, ಮಾತ್ರೆಯ ಹೆಸರು ಹೇಳಿ ಕೀಟೋನನ್ನೂ ನೋಡಿಸಿಕೊಳ್ಳಬೇಕು.